ಸಮುದ್ರಕ್ಕೆ ಟವರ್ ನೆಡುವವರು ಯಾರು?

ಹೆಚ್.ಡಿ. ಕೋಟೆಯಿಂದ ಬಾವಲಿ ಕಡೆಗೆ ಹೋಗುವ ಕಾಡಿನ ರಸ್ತೆ ಗೊತ್ತಿದ್ದವರಿಗೆ ಇದೂ ಗೊತ್ತಿರುತ್ತದೆ. ಅಂತರಸಂತೆ ದಾಟಿ ಮರಗಳು ಒತ್ತೊತ್ತಾಗುತ್ತಿದ್ದ ಹಾಗೆ ಮೊಬೈಲಿನ ಗೆರೆಗಳು ಒಂದೊಂದಾಗಿ ಇಳಿಯುತ್ತವೆ. ಹಿಂದಿನ ಸೀಟಿನ ಮಕ್ಕಳು “ನೆಟ್ ಹೋಯ್ತು” ಎಂದು ಕೂಗುತ್ತಾರೆ. ಮುಂದೆ ಕೂತ ಅಜ್ಜಿ “ಹೋಗ್ಲಿ ಬಿಡ್ರೋ, ಆನೆ ಕಾಣುತ್ತಾ ನೋಡಿ” ಎನ್ನುತ್ತಾರೆ. ಕಾಡಿನಲ್ಲಿ ಅದು ಸ್ವಲ್ಪ ಹೊತ್ತಿನ ಮಾತು. ಹಡಗು ಹತ್ತಿದವರಿಗೆ ದಿನಗಟ್ಟಲೆಯ ಮಾತು.

ಹುಣಸೂರಿನವರಿಗೆ ಹಡಗಿನ ಚಿಂತೆ ಯಾಕೆ ಎಂದು ಕೇಳಬೇಡಿ. ಈಗ ಮುಂಬೈಯಿಂದ ಗೋವಾಕ್ಕೆ, ಕೊಚ್ಚಿಗೆ, ಲಕ್ಷದ್ವೀಪಕ್ಕೆ ವಿಹಾರದ ಹಡಗುಗಳು ಹೋಗುತ್ತವೆ. ಮಕ್ಕಳು ಊರಾಚೆ ಕೆಲಸದಲ್ಲಿದ್ದರೆ ಅಪ್ಪ ಅಮ್ಮನಿಗೆ ಒಂದು ಟಿಕೆಟ್ ಮಾಡಿಸಿಯೇ ಬಿಡುತ್ತಾರೆ. ನಮ್ಮ ಮಗಳೂ ಹಾಗೇ ಮಾಡಿದಳು. ಮುಂಬೈಯಿಂದ ಕೊಚ್ಚಿಗೆ ಮೂರು ರಾತ್ರಿ. ನಾನು, ನನ್ನ ಹೆಂಡತಿ, ಮಗಳು ಅಳಿಯ, ಏಳನೇ ಕ್ಲಾಸಿನ ಮೊಮ್ಮಗಳು. ಜೊತೆಗೆ ಒಂದು ಟ್ಯಾಬ್ಲೆಟ್, ಒಂದು ಇ-ರೀಡರ್. (ಟ್ಯಾಬ್ಲೆಟ್ ಎಂದರೆ ಬಿಪಿ ಮಾತ್ರೆಯಲ್ಲ. ಅದೂ ಇತ್ತು, ಬೇರೆ ಡಬ್ಬಿಯಲ್ಲಿ.)

ನನಗಿದ್ದ ಚಿಂತೆ ಸಿನಿಮಾ ನೋಡುವುದರದ್ದಲ್ಲ, ನಮ್ಮ ಅಕ್ಕನದು. ಅಕ್ಕನಿಗೆ 84. ಕೆ.ಆರ್. ನಗರದಲ್ಲಿ ಒಬ್ಬಳೇ ಇದ್ದಾಳೆ, ಬಾ ಎಂದರೆ ಎಲ್ಲಿಗೂ ಬರುವುದಿಲ್ಲ. ದಿನಾ ಸಂಜೆ ಏಳಕ್ಕೆ ನಾನು ಫೋನ್ ಮಾಡಬೇಕು. ಮಾಡಿದ ಮೇಲೆ ಅವಳು ಊಟಕ್ಕೆ ಕೂರುತ್ತಾಳೆ. ಸಕ್ಕರೆ ಕಾಯಿಲೆಯವಳು, ಮಾತ್ರೆ ನುಂಗಿ ಊಟ ತಡ ಮಾಡಿದರೆ ಕೈ ನಡುಗುತ್ತದೆ. ಅವಳ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು. ಹಡಗಿನ ವೈಫೈಯಲ್ಲಿ ವಾಟ್ಸಾಪ್ ಹೋಗುತ್ತದೆ, ಆದರೆ ಗುಂಡಿ ಫೋನಿಗೆ ವಾಟ್ಸಾಪ್ ಹೋಗುವುದಿಲ್ಲ. ಹಡಗಿನಲ್ಲಿ ನೆಟ್ ಸಿಕ್ಕರೆ ಸಾಲದು, ದಡದಲ್ಲಿ ಆ ಕಡೆ ಹಿಡಿಯುವವರೂ ಬೇಕು. ಇದನ್ನು ಯಾವ ಪ್ರವಾಸದ ಕೈಪಿಡಿಯಲ್ಲೂ ಬರೆದಿರುವುದಿಲ್ಲ. ಅಕ್ಕನ ಪಕ್ಕದ ಮನೆಯಲ್ಲಿ ಪಿಯುಸಿ ಓದುವ ಹುಡುಗನಿದ್ದಾನೆ. ಅವನಿಗೆ ಹೇಳಿದೆವು: “ಸಂಜೆ ಏಳಕ್ಕೆ ನಿನ್ನ ಫೋನಿಗೆ ಒಂದು ಮೆಸೇಜ್ ಬರುತ್ತಪ್ಪ, ಅಜ್ಜಿಗೆ ಓದಿ ಹೇಳಿಬಿಡು.” ಅವನು “ಆಯ್ತು ತಾತ” ಎಂದ.

ಹಡಗು ಮುಂಬೈ ಬಿಟ್ಟಿತು. ಒಂದಷ್ಟು ಹೊತ್ತು ದಡದ ಟವರ್ ಸಿಗುತ್ತಿತ್ತು. ಮೊಬೈಲ್ ಟವರಿನ ಕೈ ಬಹಳ ಉದ್ದವಿಲ್ಲ. ಸಮುದ್ರದ ಮೇಲೆ ಅಡ್ಡ ಏನೂ ಇಲ್ಲದಿದ್ದರೂ ಇಪ್ಪತ್ತು ಮೂವತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಸೋಲುತ್ತದೆ. ಭೂಮಿ ದುಂಡಗಿರುವುದರಿಂದ ದೂರ ಹೋದ ಹಾಗೆ ದಡವೇ ಕೆಳಗೆ ಮುಳುಗುತ್ತದಲ್ಲ. ಮೊಮ್ಮಗಳು ಆಗ ಕೇಳಿದ ಪ್ರಶ್ನೆಯೇ ಈ ಲೇಖನದ ತಲೆಬರಹ: “ತಾತ, ಸಮುದ್ರಕ್ಕೆ ಟವರ್ ಯಾರು ನೆಡ್ತಾರೆ?”

ಯಾರೂ ನೆಡುವುದಿಲ್ಲ ಪುಟ್ಟಿ, ಮೇಲೆ ತೂಗುಹಾಕುತ್ತಾರೆ. ಹಡಗಿನ ತುದಿಯಲ್ಲಿ ದೊಡ್ಡ ಕುಂಬಳಕಾಯಿಯಂಥ ಬಿಳಿ ಗುಮ್ಮಟಗಳು ಕಾಣುತ್ತವೆ. ಅದರೊಳಗೆ ನಮ್ಮ ಮನೆಯ ಟಿವಿ ತಟ್ಟೆಯಂಥದೇ ತಟ್ಟೆ ಇರುತ್ತದೆ, ಉಪ್ಪುಗಾಳಿ ತಾಗದಿರಲಿ ಎಂದು ಮುಚ್ಚಿರುತ್ತಾರೆ. ಪಿರಿಯಾಪಟ್ಟಣದಲ್ಲಿ ಮಾಳಿಗೆಯ ಮೇಲೆ ಒಂದು ಸಲ ತಿರುಗಿಸಿ ಬಿಗಿದ ತಟ್ಟೆಯನ್ನು ಮತ್ತೆ ಮುಟ್ಟಬೇಕಿಲ್ಲ. ಯಾಕೆಂದರೆ ಅದು ನೋಡುವ ಉಪಗ್ರಹ ಭೂಮಧ್ಯರೇಖೆಯ ನೆತ್ತಿಯ ಮೇಲೆ 36,000 ಕಿ.ಮೀ. ಎತ್ತರದಲ್ಲಿ, ಭೂಮಿ ಒಂದು ಸುತ್ತು ತಿರುಗುವ ಹೊತ್ತಿನಲ್ಲೇ ತಾನೂ ಒಂದು ಸುತ್ತು ಬರುತ್ತದೆ. ಹಾಗಾಗಿ ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಹಡಗಿನಲ್ಲಿ ಉಪಗ್ರಹ ನಿಂತೇ ಇದೆ, ಮನೆಯೇ ಅಲ್ಲಾಡುತ್ತದೆ! ಅದಕ್ಕೇ ಗುಮ್ಮಟದೊಳಗಿನ ತಟ್ಟೆಗೆ ಮೋಟಾರುಗಳಿರುತ್ತವೆ. ಹಡಗು ಎಡಕ್ಕೆ ವಾಲಿದರೆ ತಟ್ಟೆ ಅಷ್ಟೇ ಬಲಕ್ಕೆ ವಾಲುತ್ತದೆ. ತಲೆಯ ಮೇಲೆ ಕೊಡ ಹೊತ್ತು ಕೆರೆ ಏರಿ ಇಳಿಯುವ ಹೆಂಗಸರನ್ನು ನೋಡಿದ್ದೀರಲ್ಲ, ಮೈ ಓಲಾಡಿದರೂ ಕೊಡ ಅಲುಗುವುದಿಲ್ಲ. ಅದೇ ವಿದ್ಯೆ.

ಇಂಥ ಎತ್ತರದ ಉಪಗ್ರಹಗಳನ್ನು ಜಾಗ ತಪ್ಪದಂತೆ ಕಾಯುವ ಕೇಂದ್ರವೊಂದು ನಮಗೆ ಹತ್ತಿರದಲ್ಲೇ ಇದೆ. ಕೆ.ಆರ್. ನಗರದಿಂದ ಹೊಳೆನರಸೀಪುರದ ಮೇಲೆ ಹಾಸನಕ್ಕೆ ಹೋದರೆ, ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಇದೆ. ನಾವು ಹಾಸನಾಂಬೆಯ ದರ್ಶನಕ್ಕೆ ಸಾಲು ನಿಂತಿರುವಾಗ ಅದೇ ಊರಿನಲ್ಲಿ ಕೆಲವರು ಆಕಾಶದ ಉಪಗ್ರಹಗಳಿಗೆ “ಸ್ವಲ್ಪ ಸರಿ, ಸ್ವಲ್ಪ ತಿರುಗು” ಎಂದು ಆಜ್ಞೆ ಕಳಿಸುತ್ತಿರುತ್ತಾರೆ.

ಎತ್ತರಕ್ಕೆ ಒಂದು ದಂಡವೂ ಇದೆ. ನಮ್ಮ ಮಾತು 36,000 ಕಿ.ಮೀ. ಮೇಲೆ ಹೋಗಿ ಅಷ್ಟೇ ಕೆಳಗಿಳಿಯಬೇಕು. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಭಾಗಿಸಿ ನೋಡಿ, ಕಾಲು ಸೆಕೆಂಡಿಗೆ ಹತ್ತಿರ. ಆ ಕಡೆಯವರ ಉತ್ತರಕ್ಕೆ ಇನ್ನೊಂದು ಕಾಲು. “ಅಕ್ಕಾ, ಹೇಗಿದ್ದೀಯ?” ಎಂದು ಅರ್ಧ ಸೆಕೆಂಡ್ ಕಾಯಬೇಕು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅಷ್ಟರಲ್ಲಿ ನಮ್ಮ ಜನ “ಹಲೋ, ಹಲೋ, ಕೇಳಿಸ್ತಾ?” ಎಂದು ಶುರುಮಾಡಿ, ಎರಡೂ ಕಡೆಯವರು ಒಟ್ಟಿಗೇ ಮಾತಾಡಿ, ಒಟ್ಟಿಗೇ ನಿಲ್ಲಿಸುತ್ತಾರೆ. ಈಗ ಸುಮಾರು 550 ಕಿ.ಮೀ. ಎತ್ತರದಲ್ಲೇ ಸಾವಿರಾರು ಸಣ್ಣ ಉಪಗ್ರಹಗಳು ಸುತ್ತುತ್ತಿವೆ, ಸ್ಟಾರ್‌ಲಿಂಕ್ ಎಂದು ಹೆಸರು ಕೇಳಿರುತ್ತೀರಿ. ರಾಯಲ್ ಕೆರಿಬಿಯನ್‌ನಂಥ ದೊಡ್ಡ ಕಂಪನಿ 2022ರಲ್ಲೇ ತನ್ನ ಹಡಗುಗಳಿಗೆಲ್ಲ ಅದನ್ನು ಹಾಕಿಸುತ್ತೇನೆಂದಿತು. ಅದರಲ್ಲಿ ಈ ಕಾಯುವಿಕೆ ಗೊತ್ತೇ ಆಗುವುದಿಲ್ಲ. ನಾವು ಹೋದ ಹಡಗಿನಲ್ಲಿ ವಿಚಾರಿಸಿದೆ, ಎತ್ತರದ್ದೇ ಎಂದರು.

ದರ? ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು, ಮೊದಲು ನೋಡಿದ್ದೇ ಅದನ್ನು. ಮನೆಯಲ್ಲಿ ತಿಂಗಳ ರೀಚಾರ್ಜಿಗೆ ಕೊಡುವ ಹಣಕ್ಕೆ ಅಲ್ಲಿ ಒಂದೆರಡು ದಿನ ಬಂದರೆ ಹೆಚ್ಚು. ಬೈದುಕೊಂಡು ಪ್ರಯೋಜನವಿಲ್ಲ, ಅದು ಹಿಂದಿನಿಂದಲೂ ಹಾಗೇ. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ಪ್ರಯಾಣಿಕರು ಮನೆಗೆ ತಂತಿ ಕಳಿಸಬಹುದಾಗಿತ್ತು. ಮೊದಲ 10 ಪದಕ್ಕೆ 12 ಷಿಲ್ಲಿಂಗ್ 6 ಪೆನ್ಸ್, ಆಮೇಲೆ ಪದಕ್ಕೆ 9 ಪೆನ್ಸ್. ಆಗ ನಮ್ಮ ರೂಪಾಯಿ ಎಂದರೆ 16 ಪೆನ್ಸ್, ಅಂದರೆ ಪೆನ್ಸಿಗೊಂದು ಆಣೆ. ಗುಣಿಸಿ ಭಾಗಿಸಿದರೆ ಹತ್ತು ಪದಕ್ಕೆ 9 ರೂಪಾಯಿ 6 ಆಣೆ! ಆ ಕಾಲದ 9 ರೂಪಾಯಿ. ಆದರೂ ಹಣವಂತರು ಕಳಿಸುತ್ತಲೇ ಇದ್ದರು. ಏಪ್ರಿಲ್ 14ರ ರಾತ್ರಿ ಟೈಟಾನಿಕ್‌ನ ತಂತಿಯವನು ಪ್ರಯಾಣಿಕರ ಈ ಖಾಸಗಿ ತಂತಿಗಳ ರಾಶಿಯಲ್ಲಿ ಮುಳುಗಿದ್ದ. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗು ಮಂಜುಗಡ್ಡೆಯ ವಿಷಯ ಹೇಳಲು ಬಂದಾಗ ಅಡ್ಡ ಬರಬೇಡ ಎಂದು ಬೈದು ಸುಮ್ಮನಾಗಿಸಿದ. ಆ ಹಡಗಿನವನು ಯಂತ್ರ ಆರಿಸಿ ಮಲಗಿಬಿಟ್ಟ. ಸ್ವಲ್ಪ ಹೊತ್ತಿಗೆಲ್ಲ ಟೈಟಾನಿಕ್ ಮಂಜುಗಡ್ಡೆಗೆ ಹೊಡೆಯಿತು. ದೂರದಲ್ಲಿದ್ದ ಕಾರ್ಪೇಥಿಯಾ ಎಂಬ ಇನ್ನೊಂದು ಹಡಗು ಕರೆ ಕೇಳಿ ಬಂದದ್ದರಿಂದ 700ಕ್ಕೂ ಹೆಚ್ಚು ಜನ ಉಳಿದರು.

ಅಜ್ಜ ಅಜ್ಜಿಯರು ಹೆದರಬೇಕಿಲ್ಲ. ಆಮೇಲೆ ದಿನದ 24 ಗಂಟೆಯೂ ತಂತಿ ಕೇಳುತ್ತಿರಬೇಕೆಂಬ ನಿಯಮ ಬಂತು. ಹಡಗುಗಳ ಸುರಕ್ಷತೆಗೆಂದೇ 1979ರಲ್ಲಿ ಇನ್ಮಾರ್‌ಸ್ಯಾಟ್ ಎಂಬ ಉಪಗ್ರಹ ಸಂಸ್ಥೆ ಹುಟ್ಟಿತು. ಈಗ ಅಪಾಯದ ಕರೆಯ ದಾರಿಯೇ ಬೇರೆ, ನಮ್ಮ ವೈಫೈಯ ದಾರಿಯೇ ಬೇರೆ. ನಿಮ್ಮ ಪ್ಯಾಕ್ ಮುಗಿದರೂ ಕ್ಯಾಪ್ಟನ್ನನ ದಾರಿ ಮುಚ್ಚುವುದಿಲ್ಲ. ಹೊರಡುವ ಮುಂಚೆ ಹಡಗಿನ ಹೆಸರು, ನಿಮ್ಮ ಕ್ಯಾಬಿನ್ ನಂಬರು, ಕಂಪನಿಯ ಫೋನ್ ನಂಬರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಉಳಿದವರ ಕೈಗೆ ಕೊಟ್ಟರೆ ಆಯಿತು. ಚೀಟಿಯಲ್ಲೇ ಬರೆಯಿರಿ, ಫೋನಿನಲ್ಲಿ ಬೇಡ.

ಈಗ ಎರಡನೇ ದಿನದ ಸಂಜೆಯ ಕಥೆ. ಏಳಕ್ಕೆ ಸರಿಯಾಗಿ ಟ್ಯಾಬಿನಲ್ಲಿ ಬರೆದು ಕಳಿಸಿದೆ. ಒಂದು ಟಿಕ್ಕು ಬಿತ್ತು. ಎರಡನೆಯದು ಬೀಳಲಿಲ್ಲ. ಎಲ್ಲರೂ ಊಟಕ್ಕೆ ಮುಂಚೆ ನೆಟ್ ಹಿಡಿಯುವ ಹೊತ್ತು ಅದು. ಇಡೀ ಹಡಗಿಗೆ ಒಂದೇ ನಲ್ಲಿ, ಸಾವಿರಾರು ಕೊಡ. ಎಂಟಕ್ಕೆ ಎರಡನೇ ಟಿಕ್ಕು. ಎಂಟೂ ಕಾಲಿಗೆ ಹುಡುಗನ ಉತ್ತರ: “ತಾತ, ಓದಿ ಹೇಳಿದೆ. ಅಜ್ಜಿ ನಂಬ್ತಾ ಇಲ್ಲ. ನಿಮ್ಮ ದನಿ ಕೇಳೋವರೆಗೂ ಊಟ ಮಾಡಲ್ವಂತೆ. ಮಾತ್ರೆ ಆಗಲೇ ನುಂಗಿದ್ದಾರೆ.”

ನನ್ನ ಹೆಂಡತಿ ಎದ್ದು ನಿಂತುಬಿಟ್ಟಳು. ಅಳಿಯ ವಿಡಿಯೊ ಕಾಲ್ ಮಾಡಿ ನೋಡಿದರು. ಚಿತ್ರ ತುಂಡಾಗಿ ನಿಂತಿತು. ಮಾತಿನ ಕಾಲ್ ಹತ್ತಿತು, ಆದರೆ ಆ ಅರ್ಧ ಸೆಕೆಂಡಿನ ತಡ, ಅಕ್ಕನ ಮಂದ ಕಿವಿ ಎರಡೂ ಸೇರಿ ಬರೀ “ಯಾರು? ಯಾರು?” ಎಂದಾಯಿತು. ಆಗ ಮೊಮ್ಮಗಳೇ ಹೇಳಿದ್ದು: “ತಾತ, ವಾಯ್ಸ್ ಮೆಸೇಜ್ ಕಳ್ಸಿ. ಅದು ಪುಟ್ಟದು, ಹೋಗುತ್ತೆ. ಅಜ್ಜಿ ಎಷ್ಟು ಸಲ ಬೇಕಾದ್ರೂ ಕೇಳ್ಬೋದು.” ನಲವತ್ತು ಸೆಕೆಂಡ್ ಮಾತಾಡಿದೆ. ಅಕ್ಕನಿಗೆ ಮಾತ್ರ ಗೊತ್ತಿರುವ ನಮ್ಮ ಹಳೇ ಮನೆಯ ಹಸುವಿನ ಹೆಸರು ಹೇಳಿ, ಮೊದಲು ಊಟ ಮಾಡು ಎಂದೆ. ಎರಡು ಟಿಕ್ಕು ಕೂಡಲೇ ಬಿತ್ತು. ಹುಡುಗ ಅದನ್ನು ನಾಲ್ಕು ಸಲ ಕೇಳಿಸಿದನಂತೆ. ಆಮೇಲೆ ಅಕ್ಕನ ದನಿ ಬಂತು: “ಸರಿ ಕಣೋ, ತಟ್ಟೆ ಹಾಕ್ಕೊಂಡೆ. ಹಡಗಲ್ಲಿ ಕಿಟಕಿ ಪಕ್ಕ ಕೂತ್ಕೋಬೇಡ, ಶೀತ ಆಗುತ್ತೆ.” ಆ ರಾತ್ರಿ ನಮ್ಮ ಊಟವೂ ಇಳಿಯಿತು.

ದನಿ ಹೋಗಿ ಚಿತ್ರ ಯಾಕೆ ಹೋಗಲಿಲ್ಲ? ಇದು ತೂಕದ ಲೆಕ್ಕ, ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ತೂಕದ ಬಟ್ಟು ಎಂದರೆ ಬೈಟ್. ಇಂಗ್ಲಿಷಿನ ಒಂದು ಅಕ್ಷರ 1 ಬೈಟ್. ಕನ್ನಡದ ಅಕ್ಷರ ಸಾಮಾನ್ಯವಾಗಿ 3 ಬೈಟ್. ಕೊಂಬು, ಇಳಿ, ಗುಡಿಸು ಪ್ರತಿಯೊಂದಕ್ಕೂ ಬೇರೆ 3. ಒತ್ತಕ್ಷರಕ್ಕೆ ಮಧ್ಯದ ಅರ್ಧ ಮಾಡುವ ಗುರುತಿಗೆ 3, ಒತ್ತಿಗೆ 3. ‘ಹುಣಸೂರು’ ಬಿಡಿಸಿ: ಹ, ಕೊಂಬು, ಣ, ಸ, ಉದ್ದ ಕೊಂಬು, ರ, ಕೊಂಬು. ಏಳು, ಏಳು ಮೂರಲ ಇಪ್ಪತ್ತೊಂದು ಬೈಟ್. ನಾನು ಮೊದಲು ಕಳಿಸಿದ ‘ಅಕ್ಕಾ ನಾವು ಚೆನ್ನಾಗಿದ್ದೀವಿ’ ಎಂಬುದು 71 ಬೈಟ್ (ಖಾಲಿ ಜಾಗಕ್ಕೆ ಒಂದೊಂದೇ). ನಲವತ್ತು ಸೆಕೆಂಡಿನ ದನಿ ಒಂದು ಲಕ್ಷ ಬೈಟಿನ ಆಸುಪಾಸು. ಮೊಬೈಲಿನಲ್ಲಿ ತೆಗೆದ ಫೋಟೊ ಕುಗ್ಗಿಸದೆ ಕಳಿಸಿದರೆ ಮೂವತ್ತು ನಲವತ್ತು ಲಕ್ಷ. ಅಂದರೆ ಡೆಕ್ಕಿನ ಮೇಲೆ ಹಲ್ಲು ಕಿರಿದ ಒಂದು ಫೋಟೊದ ತೂಕದಲ್ಲಿ ‘ನಾವು ಚೆನ್ನಾಗಿದ್ದೀವಿ’ ಎಂದು ನಲವತ್ತು ಐವತ್ತು ಸಾವಿರ ಸಲ ಹೇಳಬಹುದು. ಅಂಚೆಯಲ್ಲಿ ಕವರಿನ ತೂಕವೂ ಸೇರುವಂತೆ ಇಲ್ಲಿಯೂ ಸ್ವಲ್ಪ ಸೇರುತ್ತದೆ, ಇರಲಿ. ವಿಡಿಯೊ ಕಾಲ್ ಅಂತೂ ಇಂಥ ಚಿತ್ರಗಳ ಹೊಳೆ. ಹೊಳೆಯನ್ನು ಸ್ಟ್ರಾದಲ್ಲಿ ಹರಿಸಲಾಗುವುದಿಲ್ಲ. ನೋಡಬೇಕು ಎನ್ನುವವರು ಬೆಳಗಿನ ಐದಕ್ಕೆ ಪ್ರಯತ್ನಿಸಿ. ಎಲ್ಲ ಮಲಗಿರುತ್ತಾರೆ, ನಮ್ಮ ವಯಸ್ಸಿನವರು ಹೇಗೂ ಎದ್ದಿರುತ್ತೇವೆ.

ಟ್ಯಾಬಿಗೆ ತನ್ನದೇ ಒಂದು ಕೆಟ್ಟ ಅಭ್ಯಾಸವಿದೆ. ನಾವು ಸುಮ್ಮನಿದ್ದರೂ ಅದು ಸುಮ್ಮನಿರುವುದಿಲ್ಲ. ಆಪ್‌ಗಳ ಹೊಸ ಆವೃತ್ತಿ ಇಳಿಸುತ್ತದೆ, ಫೋಟೊಗಳನ್ನು ಎಲ್ಲೋ ಏರಿಸುತ್ತದೆ, ಯಾರೋ ಕಳಿಸಿದ ‘ಶುಭೋದಯ’ದ ವಿಡಿಯೊ ತಾನೇ ತೆರೆಯುತ್ತದೆ. ಎಂಬಿ ಲೆಕ್ಕದ ಪ್ಯಾಕ್ ಆದರೆ ಕಾಫಿ ಕುಡಿದು ಬರುವಷ್ಟರಲ್ಲಿ ಖಾಲಿ. ಹತ್ತುವ ಮುಂಚೆಯೇ ಸೆಟ್ಟಿಂಗಿಗೆ ಹೋಗಿ ಇವನ್ನೆಲ್ಲ ನಿಲ್ಲಿಸಬೇಕು. ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಿ, ಅವರಿಗೆ ಬಾಯಿಪಾಠ.

ಓದುವ ಪುಸ್ತಕ, ಕೇಳುವ ಹಾಡು, ನೋಡುವ ಸಿನಿಮಾ ಎಲ್ಲ ಮನೆಯ ವೈಫೈಯಲ್ಲೇ ಇಳಿಸಿಟ್ಟುಕೊಂಡು ಹೋಗಿ. ಇಳಿದಿದೆ ಎಂದುಕೊಂಡದ್ದು ಎಷ್ಟೋ ಸಲ ಇಳಿದಿರುವುದಿಲ್ಲ, ಮುಖಪುಟದ ಚಿತ್ರ ಮಾತ್ರ ಇರುತ್ತದೆ. ಮೊಮ್ಮಗಳು ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಹೊರಡುವ ಹಿಂದಿನ ರಾತ್ರಿ ಟ್ಯಾಬನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಂದೊಂದೇ ತೆರೆದು ನೋಡಿದಳು. ಹುಣಸೂರಿನಲ್ಲೇ ಹಡಗು ಹತ್ತಿದಂತೆ! ಮೂರು ಪುಸ್ತಕ, ಒಂದು ಸಿನಿಮಾ ತೆರೆಯಲಿಲ್ಲ. ಮತ್ತೆ ಇಳಿಸಿಕೊಂಡಳು.

ಇ-ರೀಡರ್ ಬಗ್ಗೆ ಎರಡು ಮಾತು. ಬಿಸಿಲಿನ ಡೆಕ್ಕಿನಲ್ಲಿ ಟ್ಯಾಬ್ ತೆರೆದರೆ ಪುಸ್ತಕ ಕಾಣುವುದಿಲ್ಲ, ನಮ್ಮ ಮುಖ ಕಾಣುತ್ತದೆ. ಇ-ರೀಡರ್ ಮಾತ್ರ ಕಾಗದದ ಹಾಗೆ ಬಿಸಿಲಲ್ಲೇ ಚೆನ್ನ. ಅದರ ಪರದೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳು, ಒಳಗೆ ಕಪ್ಪು ಬಿಳಿ ಕಣಗಳು. ವಿದ್ಯುತ್ತು ಕೊಟ್ಟಾಗ ಬೇಕಾದ ಕಡೆ ಕಪ್ಪು ಕಣ ಮೇಲೆ ಬಂದು ಅಕ್ಷರವಾಗುತ್ತದೆ, ಆಮೇಲೆ ವಿದ್ಯುತ್ತು ಇಲ್ಲದೆ ಹಾಗೇ ಕೂರುತ್ತದೆ. ಪುಟ ತಿರುಗಿಸಿದಾಗಷ್ಟೇ ಖರ್ಚು, ಅದಕ್ಕೇ ಒಂದು ಚಾರ್ಜಿಗೆ ವಾರಗಟ್ಟಲೆ ಬರುತ್ತದೆ. ಆದರೆ ಅದರಲ್ಲಿ ನೆಟ್ ನೋಡುವ ಆಸೆ ಬಿಡಿ. ಹಡಗಿನ ವೈಫೈಗೆ ಮೊದಲು ಒಂದು ಪುಟ ತೆರೆದು ಕ್ಯಾಬಿನ್ ನಂಬರು ತುಂಬಬೇಕು, ಆ ಪುಟದಲ್ಲೇ ಅದು ತಡವರಿಸುತ್ತದೆ. ನಮ್ಮದು ಒಂದು ಸಾಧನದ ಪ್ಯಾಕು. ಟ್ಯಾಬಿನಲ್ಲಿ ಲಾಗ್ ಔಟ್ ಆಗಿ ಅಳಿಯನ ಫೋನಿಗೆ ಬಿಟ್ಟುಕೊಡುತ್ತಿದ್ದೆವು. ಸಂಜೆ ಏಳರ ಸರದಿ ನನ್ನದೆಂದು ಮೊದಲೇ ತೀರ್ಮಾನವಾಗಿತ್ತು.

ಹಳೇ ಬ್ಯಾಂಕಿನವನಾಗಿ ಎರಡು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಒಂದು, ಓಟಿಪಿ. ಅದು ಬರುವುದು ಸಿಮ್ಮಿಗೆ, ಎಸ್ಸೆಮ್ಮೆಸ್ಸಾಗಿ. ನಡುಸಮುದ್ರದಲ್ಲಿ ವೈಫೈ ಇದ್ದರೂ ಸಿಮ್ಮಿಗೆ ಟವರ್ ಇರುವುದಿಲ್ಲ, ಓಟಿಪಿ ನೆಚ್ಚಿಕೊಳ್ಳಬೇಡಿ. ಕರೆಂಟ್ ಬಿಲ್ಲು, ಗ್ಯಾಸು, ಮೊಮ್ಮಕ್ಕಳ ಫೀಸು ಎಲ್ಲ ಮುಗಿಸಿ ಹೊರಡಿ. ಟ್ಯಾಬಿನ ವಾಟ್ಸಾಪು, ಇಮೇಲು ದಡದಲ್ಲೇ ತೆರೆದಿಟ್ಟಿರಿ.

ಇನ್ನೊಂದು, ಕೆಲವು ಹಡಗುಗಳಲ್ಲಿ ಹಡಗಿನದೇ ಮೊಬೈಲ್ ಜಾಲ ಇರುತ್ತದೆ. ದಡ ಮರೆಯಾದ ಮೇಲೆ ನಮ್ಮ ಫೋನು ಕೇಳದೆಯೇ ಅದಕ್ಕೆ ಅಂಟಿಕೊಳ್ಳಬಹುದು. ಅದು ಊರಿನ ಪ್ಯಾಕಿಗೆ ಸೇರುವುದಿಲ್ಲ, ಅಂತರರಾಷ್ಟ್ರೀಯ ರೋಮಿಂಗಿಗಿಂತಲೂ ದುಬಾರಿ. ಊಟದ ಮೇಜಿನಲ್ಲಿ ಸಿಕ್ಕ ಧಾರವಾಡದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹಿಂದೆ ವಿದೇಶದ ಹಡಗಿನಲ್ಲಿ ಹೋಗಿದ್ದರಂತೆ. “ಫೋನ್ ಕಿಸೆದಾಗ ಇತ್ರೀ, ನಾ ಮುಟ್ಟಿಲ್ಲ. ಊರಿಗೆ ಬಂದ ಮ್ಯಾಲೆ ಬಿಲ್ ನೋಡಿ ಎದಿ ಒಡದ್ಹೋತು” ಎಂದರು. ಹಡಗು ಹೊರಡುತ್ತಿದ್ದಂತೆ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಒಂದನ್ನೇ ತೆರೆಯಿರಿ. ಆಗ ಈ ಕಾಟವಿಲ್ಲ.

ಏರೋಪ್ಲೇನ್ ಮೋಡಿನಲ್ಲೂ ಪುಕ್ಕಟೆಯಾಗಿ ಸಿಗುವುದು ಒಂದಿದೆ. ಜಿಪಿಎಸ್. ಸುಮಾರು 20,000 ಕಿ.ಮೀ. ಎತ್ತರದ ಉಪಗ್ರಹಗಳು ರೇಡಿಯೊದಂತೆ ಸಮಯ ಹೇಳುತ್ತಾ ಇರುತ್ತವೆ, ನಮ್ಮ ಯಂತ್ರ ಕೇಳಿಸಿಕೊಳ್ಳುತ್ತದೆ ಅಷ್ಟೇ. ಕರಾವಳಿಯ ನಕ್ಷೆಯನ್ನು ಮೊಮ್ಮಗಳು ಮೊದಲೇ ಇಳಿಸಿಕೊಂಡಿದ್ದಳು. ನೀಲಿ ಚುಕ್ಕೆಯೊಂದು ಕಾರವಾರದ ಎದುರು, ಮುರ್ಡೇಶ್ವರದ ಎದುರು, ಮಂಗಳೂರಿನ ಎದುರು ಇರುವೆಯ ಹಾಗೆ ತೆವಳುತ್ತಿತ್ತು. ಎದುರಿಗೆ ನೋಡಿದರೆ ಬರೀ ನೀರು. ಎಲ್ಲ ಟ್ಯಾಬುಗಳಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್ ಹಾಕುವಂಥವುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಆ ನಕ್ಷೆಯಲ್ಲಿ ಎಡಗಡೆಗೆ ಲಕ್ಷದ್ವೀಪದ ಚುಕ್ಕೆಗಳು. ನಮಗೆ ಮೂರು ರಾತ್ರಿಯ ತಾಪತ್ರಯ ಅಲ್ಲಿನ ಮಕ್ಕಳಿಗೆ ಹುಟ್ಟಿದಾಗಿನಿಂದ ಇತ್ತು. ದ್ವೀಪಗಳ ನೆಟ್ಟೆಲ್ಲ ಉಪಗ್ರಹದ ಮೇಲೇ ನಿಂತಿತ್ತು. 2024ರ ಜನವರಿ 3ರಂದು ಕೊಚ್ಚಿಯಿಂದ ಕಡಲ ತಳದಲ್ಲಿ ಎಳೆದ 1,868 ಕಿ.ಮೀ. ಉದ್ದದ ಕೇಬಲ್ ಉದ್ಘಾಟನೆಯಾಗಿ 11 ದ್ವೀಪಗಳಿಗೆ ಸಂಪರ್ಕ ಬಂತು. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳೊಳಗೆ ಬೆಳಕು ಓಡುತ್ತದೆ. ಹಡಗಿಗೆ ಆ ಭಾಗ್ಯವಿಲ್ಲ, ಬಾಲಕ್ಕೆ ದಾರ ಕಟ್ಟಿಕೊಂಡು ಓಡಾಡಲಾದೀತೇ!

ಮೂರನೇ ಸಂಜೆ ನಾನು ಆರೂವರೆಗೇ ದನಿ ಕಳಿಸಿದೆ. ಏಳಕ್ಕೆ ಮುಂಚೆಯೇ ಅಕ್ಕನ ಉತ್ತರ ಬಂತು, ಹುರುಳಿಕಾಳಿನ ಬಸ್ಸಾರು ಮಾಡಿದ್ದಾಳೆಂದು.

ಮಕ್ಕಳಿಗೆ ಈ ವಾರದ ಲೆಕ್ಕ: ‘ಪಿರಿಯಾಪಟ್ಟಣ’ ಮತ್ತು ‘ಕೃಷ್ಣರಾಜನಗರ’, ಎರಡರಲ್ಲಿ ಯಾವುದರ ತೂಕ ಹೆಚ್ಚು? ‘ಹೆಗ್ಗಡದೇವನಕೋಟೆ’ ಎಷ್ಟು ಬೈಟ್? ಒತ್ತಕ್ಷರದ ನಡುವಿನ ಗುರುತನ್ನು ಮರೆಯಬೇಡಿ. ಉತ್ತರ ಮುಂದಿನ ವಾರ.